ಕಂದು ರೋಗ: ಕಣ್ಣಿಗೆ ಕಾಣದ್ದೇ ಹೆಚ್ಚು



ಕಡೂರು, ತರೀಕೆರೆ, ಅಜ್ಜಂಪುರ ಕಡೆ ಹಸು ಆರೇಳು ತಿಂಗಳಿಗೆ ಕಂದು ಹಾಕಿದರೆ ‘ದೃಷ್ಟಿ ತಾಗಿತು, ಎಲ್ಲೋ ಪೆಟ್ಟಾಯಿತು’ ಎಂದು ಸುಮ್ಮನಾಗುವವರೇ ಬಹಳ. ಬ್ರುಸೆಲ್ಲಾ ರೋಗಾಣು ತಗಲಿದ ಹಸು ಮುಂದಿನ ಸಲ ದಿನ ತುಂಬಿಯೇ ಈಯಬಹುದು. ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆದರೆ ಹಾಲಿನಲ್ಲಿ, ಈದಾಗಿನ ಸ್ರಾವದಲ್ಲಿ ರೋಗಾಣು ಹೊರಬರುತ್ತಿರುತ್ತದೆ. ಆದ್ದರಿಂದ ಕಂದು ಹಾಕಿದವನ್ನಷ್ಟೇ ಎಣಿಸಿದರೆ ಲೆಕ್ಕ ಸಿಗದು. ರಕ್ತ ಪರೀಕ್ಷೆಯೇ ಆಗಬೇಕು. ಸಂಘದ ಕ್ಯಾನಿನ ಹಾಲಿನಿಂದ ‘ಮಿಲ್ಕ್ ರಿಂಗ್’ ಪರೀಕ್ಷೆ ಮಾಡಿ ಊರಿನ ಸುಳಿವನ್ನೂ ಹಿಡಿಯಬಹುದು. ಅಮೃತಮಹಲ್ ಕಾವಲುಗಳಿರುವ ಸೀಮೆ ನಮ್ಮದು. ಒಂದೆರಡು ಹಸು ಕಟ್ಟಿದ ಮನೆಗಿಂತ, ಬೆರೆತು ಮೇಯುವ ಹಾಗೂ ಸಂತೆಯಿಂದ ತಂದು ಸೇರಿಸುವ ಹಿಂಡಿನಲ್ಲಿ ಅಪಾಯ ಜಾಸ್ತಿ.

ಕಸ ಬೀಳದಿದ್ದರೆ ಬರಿಗೈ ಹಾಕಬೇಡಿ. ವೈದ್ಯರಾದ ನಮ್ಮಲ್ಲೇ ಈ ತಪ್ಪಿನಿಂದ ತಿಂಗಳುಗಟ್ಟಲೆ ಜ್ವರ, ಕೀಲುನೋವು ಉಂಡವರಿದ್ದಾರೆ. ಕಂದು, ಕಸವನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ.

ರೋಗ ಹಿಡಿದ ಹಸುವಿಗೆ ನಂಬುವಂಥ ಚಿಕಿತ್ಸೆ ಇಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಉಚಿತ ಲಸಿಕೆ ಉಂಟು, ಜೀವಮಾನಕ್ಕೆ ಒಮ್ಮೆ. ಗಬ್ಬದ ಹಸುವಿಗೆ, ಹೋರಿಗೆ ಇದನ್ನು ಹಾಕಿಸಬಾರದು. ಕರುವಿಗೆ ಎಂಟು ತಿಂಗಳು ತುಂಬುವ ಮೊದಲೇ ಪಶು ಆಸ್ಪತ್ರೆಗೆ ತಿಳಿಸಿ.