ಸ್ಟಡ್ ಮೊದಲು, ಫ್ಲೈವೀಲ್ ಆಮೇಲೆ

ಎಪ್ಪತ್ತರ ದಶಕದ ಪೋರ್ಷೆ 911 ಕೊಂಡೆಯಂತೆ, ಬಹಳ ಸಂತೋಷ ಕಣಪ್ಪ. ಆದರೆ ಗಾಡಿ ಮನೆಗೆ ಬರುವ ಮೊದಲೇ ಅಲ್ಯೂಮಿನಿಯಂ ಫ್ಲೈವೀಲಿಗೆ ದುಡ್ಡು ಎತ್ತಿಟ್ಟಿದ್ದೀಯಲ್ಲ, ಅದಕ್ಕೇ ಈ ನಾಲ್ಕು ಮಾತು.

ಸುಮ್ಮನೆ ಕೂತ ತೂಕ ಬೇರೆ, ತಿರುಗುವ ತೂಕ ಬೇರೆ. ಅದರಲ್ಲೂ ಅಂಚಿನ ತೂಕವೇ ಹೆಚ್ಚು ಕಾಡುವುದು. ನಡುವಿನಿಂದ ಎರಡು ಪಟ್ಟು ದೂರ ಹೋದರೆ ಜಡತ್ವ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಫ್ಲೈವೀಲ್ ಹಗುರವಾದರೆ ಎಂಜಿನ್ ಚುರುಕಾಗುವುದು ನಿಜವೇ. ಆದರೆ ಆ ಲಾಭವೆಲ್ಲ ಒಂದು, ಎರಡನೇ ಗೇರಿನದು. ಟಾಪ್ ಗೇರಿನಲ್ಲಿ ಹೆದ್ದಾರಿ ಹಿಡಿದ ಮೇಲೆ ಹುಡುಕಿದರೂ ಸಿಗದು. ಬದಲಿಗೆ ಐಡ್ಲಿಂಗ್ ಒರಟಾಗುತ್ತದೆ, ಏರಿನಲ್ಲಿ ಕ್ಲಚ್ ಬಿಡುವಾಗ ಗಾಡಿ ಆಫ್ ಆಗುತ್ತದೆ. ರೇಸ್ ಟ್ರ್ಯಾಕಿಗೆ ಸರಿ, ಸಂಜೆ ಟ್ರಾಫಿಕ್ಕಿಗೆ ಶಿಕ್ಷೆ. ಕೊಳ್ಳಲೇಬೇಕೆಂದರೆ ಕ್ಲಚ್ ಪ್ಲೇಟ್ ಉಜ್ಜುವ ಕಡೆ ಉಕ್ಕಿನ ಮುಖ ಇದೆಯೇ ನೋಡು. ಬರೀ ಅಲ್ಯೂಮಿನಿಯಂ ಆ ಉಜ್ಜಾಟ ತಾಳುವುದಿಲ್ಲ. ದುಡ್ಡು ಉಳಿಸಲೆಂದು ಹಳೆಯ ಬೀಡುಕಬ್ಬಿಣದ ಫ್ಲೈವೀಲನ್ನು ಲೇಥಿಗೆ ಕೊಟ್ಟು ತೆಳ್ಳಗೆ ಕೆತ್ತಿಸುವವರ ಮಾತಂತೂ ಕೇಳಬೇಡ. ಪೂರಾ ವೇಗದಲ್ಲಿ ಅದು ಸಿಡಿದರೆ ಚೂರುಗಳಿಗೆ ಹಿಂದುಮುಂದಿಲ್ಲ.

ಇನ್ನು ನಿನ್ನ ಗಾಡಿಯ ನಿಜವಾದ ವಿಚಾರ. ಹಗುರ ಲೋಹದ ದೊಡ್ಡ ಭಾಗವೊಂದನ್ನು ಸ್ಟಟ್‌ಗಾರ್ಟಿನ ಪೋರ್ಷೆಯವರೇ ಅದರೊಳಗೆ ಇಟ್ಟು ಕಳಿಸಿದ್ದಾರೆ. ಮೊದಮೊದಲ 911ಗಳ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂನದು. 1968ರ ಮಾದರಿಯಿಂದ ಅದನ್ನು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದರು. ನೀರಿಗಿಂತ ಅಲ್ಯೂಮಿನಿಯಂ 2.7 ಪಟ್ಟು ಭಾರ, ಮೆಗ್ನೀಸಿಯಂ 1.74 ಪಟ್ಟು ಅಷ್ಟೇ. ಎಂಜಿನ್ ಹಿಂದಿನ ಚಕ್ರಗಳಿಗೂ ಆಚೆ ನೇತಾಡುವ ಕಾರಿನಲ್ಲಿ ಬಾಲದ ಭಾರ ಇಳಿಸುವುದು ಜಾಣತನವೇ. 2.0 ಲೀಟರ್ ಎಂಜಿನ್ನಿಗೆ ಅದು ಒಗ್ಗಿತು ಕೂಡ. ಎಂಜಿನ್ 2.7 ಲೀಟರಿಗೆ ಬೆಳೆದಾಗ ತೊಂದರೆ ಶುರುವಾಯಿತು.

ಸಿಲಿಂಡರುಗಳನ್ನು ಕ್ರ್ಯಾಂಕ್‌ಕೇಸಿಗೆ ಬಿಗಿದಿಡುವುದು 24 ಉದ್ದನೆಯ ಸ್ಟಡ್‌ಗಳು. ಕಾವೇರಿದಾಗ ಉಕ್ಕಿನ ಸ್ಟಡ್‌ಗಿಂತ ಅಲ್ಯೂಮಿನಿಯಂ ಸಿಲಿಂಡರ್ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಸ್ಟಡ್ ಜಗ್ಗುತ್ತದೆ, ಅದನ್ನು ಹಿಡಿದಿರುವ ಮೆತ್ತನೆಯ ಮೆಗ್ನೀಸಿಯಂ ಥ್ರೆಡ್ ಕಿತ್ತು ಬರುತ್ತದೆ. ಅಮೆರಿಕದ ಗಾಡಿಗಳಿಗೆ ಹೊಗೆ ನಿಯಮಕ್ಕಾಗಿ ಥರ್ಮಲ್ ರಿಯಾಕ್ಟರ್ ಕೂರಿಸಿದ ಮೇಲೆ ಶಾಖ ಇನ್ನೂ ಏರಿ ಈ ಕಾಯಿಲೆ ಉಲ್ಬಣಿಸಿತು. 1978ರ 911 ಎಸ್‌ಸಿ ಮಾದರಿ ಬರುವ ಹೊತ್ತಿಗೆ ಕಂಪನಿಯವರು ಮತ್ತೆ ಅಲ್ಯೂಮಿನಿಯಂಗೇ ಮರಳಿದರು. ತೂಕ ಇಳಿಸುವುದನ್ನೇ ಕಸುಬು ಮಾಡಿಕೊಂಡವರೇ ಹಿಂದೆ ಸರಿದರು ಅಂದಮೇಲೆ ನಮ್ಮ ಹುರುಪು ಯಾವ ಲೆಕ್ಕ!

ಇದಕ್ಕೆ ಮದ್ದು ಇಲ್ಲದಿಲ್ಲ. ಥ್ರೆಡ್ ಸವೆದ ತೂತುಗಳನ್ನು ಕೊರೆದು ಉಕ್ಕಿನ ಇನ್ಸರ್ಟ್ ಕೂರಿಸುತ್ತಾರೆ, ಸ್ಟಡ್ ಅದಕ್ಕೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಪೂರ್ತಿ ಬಿಚ್ಚುವ ಕೆಲಸ, ಬಿಲ್ಲೂ ಹಾಗೇ ಬರುತ್ತದೆ. ಈ ಲೋಹದಲ್ಲಿ ಕೈ ಪಳಗಿದವರಿಗೇ ಕೊಡು. ಕೊರೆದ ಮೆಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಬೆಂಕಿ ಹೊತ್ತೀತು. ಅದಕ್ಕೆ ನೀರು ಸುರಿದರೆ ಇನ್ನಷ್ಟು ಕೆರಳುತ್ತದೆ.

ಇನ್ಸರ್ಟ್ ಹಾಕಿಸಿದ ರಸೀತಿ ಇದೆಯೇ ಎಂದು ಹಳೆಯ ಮಾಲೀಕರನ್ನು ಇವತ್ತೇ ಕೇಳು. ಇದ್ದರೆ ಫ್ಲೈವೀಲ್ ವಿಚಾರ ನಿನ್ನಿಷ್ಟ. ಇಲ್ಲದಿದ್ದರೆ ಆ ದುಡ್ಡನ್ನು ಮುಟ್ಟಬೇಡ, ಸ್ಟಡ್ ಕೆಲಸಕ್ಕೆ ಬೇಕಾಗುತ್ತದೆ.