ಪಕ್ ಇಲ್ಲದ ಕಡೆ ನೋಡು

ಗ್ವೆಲ್ಫ್
ಮಾರ್ಚ್ ಕೊನೆಯ ವಾರ

ಚಿರಂಜೀವಿ ಮುತ್ತಣ್ಣನಿಗೆ ತಾತನ ಆಶೀರ್ವಾದಗಳು.

ಇತ್ತ ನಾನೂ ಅಜ್ಜಿಯೂ ಕ್ಷೇಮ. ಅತ್ತ ನಿನ್ನ ಕ್ಷೇಮ ಸಮಾಚಾರ ನಿನ್ನ ಅಮ್ಮನ ಮೂಲಕ ಬರುತ್ತದೆ. ನೀನು ಅವಳಿಗೆ ಹೇಳುವುದು ಅರ್ಧ, ಅದರಲ್ಲಿ ಅವಳು ನನಗೆ ಮುಟ್ಟಿಸುವುದು ಅರ್ಧ. ಉಳಿದದ್ದನ್ನು ನಾನು ಊಹಿಸಿಕೊಳ್ಳುತ್ತೇನೆ, ಊಹೆ ಯಾವಾಗಲೂ ಕೆಟ್ಟದ್ದರ ಕಡೆಗೇ ಹೋಗುತ್ತದೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು "ಹ್ಞೂಂ ತಾತ, ಸರಿ ತಾತ" ಅನ್ನುತ್ತೀಯ, ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗುತ್ತಾರೆ, ಮಾತು ಮುಗಿಯಿತು. ಕಾಗದವಾದರೆ ನೀನು ಅಕ್ಷರ ಕೂಡಿಸಿಕೊಂಡು ಓದಬೇಕು. ಶನಿವಾರದ ಕನ್ನಡ ಕ್ಲಾಸಿಗೆ ಗೊಣಗಿಕೊಂಡು ಹೋದದ್ದೂ ಉಪಯೋಗಕ್ಕೆ ಬರಲಿ. ಬಸ್ಸಿನಲ್ಲಿ ಓದು. ನಿಮಗೆ ಬಸ್ ಪ್ರಯಾಣಕ್ಕೇನೂ ಬರವಿಲ್ಲವಲ್ಲ.

ಮೊನ್ನೆ ಮಡಿಕೇರಿಯಿಂದ ನನ್ನ ತಮ್ಮ ಫೋನ್ ಮಾಡಿದ್ದ. ಹುಡುಗ ಆಡುವ ಲೀಗ್ ಎಂಥದ್ದು ಅಂತ ಕೇಳಿದ. ಒಂಟಾರಿಯೊ ಹಾಕಿ ಲೀಗ್, ಐಸ್ ಹಾಕಿಯದ್ದು, 16ರಿಂದ 20 ವಯಸ್ಸಿನ ಹುಡುಗರದ್ದು, 20 ತಂಡ, ಅದರಲ್ಲಿ 17 ನಮ್ಮ ಪ್ರಾಂತ್ಯದ್ದು, ಈರಿ, ಫ್ಲಿಂಟ್, ಸ್ಯಾಗಿನಾ ಮೂರು ಗಡಿಯಾಚೆ ಅಮೆರಿಕದಲ್ಲಿ ಎಂದೆ. ಕೆನಡಾದ ಪಶ್ಚಿಮಕ್ಕೊಂದು, ಕ್ವಿಬೆಕ್ ಕಡೆಗೊಂದು ಇಂಥದ್ದೇ ಲೀಗ್ ಇದೆ. ಮೂರರ ಚಾಂಪಿಯನ್ನರೂ ಆತಿಥ್ಯ ವಹಿಸಿದ ತಂಡವೂ ಕೊನೆಗೆ ಮೆಮೋರಿಯಲ್ ಕಪ್ಪಿಗೆ ಸೇರುತ್ತಾರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಇಟ್ಟ ಕಪ್ ಅದು ಎಂದೆ. ಎಲ್ಲ ಕೇಳಿಸಿಕೊಂಡು, "ಅದೆಲ್ಲ ಇರಲಿ, ನಮ್ಮ ಹುಡುಗ ಎಷ್ಟು ಗೋಲು ಹೊಡೆದ?" ಅಂದ. ಕಾಫಿ ರೇಟು ಎಷ್ಟಾಗಿದೆ ಅಂತ ನಾನು ಮಾತು ತಿರುಗಿಸಿದೆ.

ಗೋಲಿನ ಲೆಕ್ಕಕ್ಕೆ ನಾನು ನಾಚಿದ್ದಲ್ಲ. ನೀನು ಆಡಿದ ಆಟಗಳ ಲೆಕ್ಕವೇ ಅವನಿಗೆ ಅರ್ಥವಾಗುವುದಿಲ್ಲ. ಒಂದು ಆಟಕ್ಕೆ ಸಮವಸ್ತ್ರ ತೊಡುವವರು 18 ಮಂದಿ, ಜೊತೆಗೆ ಇಬ್ಬರು ಗೋಲಿಗಳು. ತಂಡದಲ್ಲಿರುವವರು ಅದಕ್ಕಿಂತ ಹೆಚ್ಚು. ಹೆಚ್ಚಾದವರು ಕೋಟು ಟೈ ಕಟ್ಟಿಕೊಂಡು ಮೇಲೆ ಕೂರುತ್ತಾರೆ. ಈ ಸೀಸನ್ನಿನ 68 ಆಟಗಳಲ್ಲಿ ನೀನು ಅಲ್ಲಿ ಕೂತದ್ದೂ ಬೇಕಾದಷ್ಟಿದೆ. ಅಂತರ್ಜಾಲದಲ್ಲಿ ಆಟ ನೋಡುವಾಗ ನನಗೆ ಮೊದಲು ಕಣ್ಣು ಹೋಗುವುದೇ ಆ ಸ್ಕ್ರ್ಯಾಚ್ ಪಟ್ಟಿಗೆ. ಇನ್ನು ಪ್ಲೇಆಫ್. ಈಗ ಕೋಚ್ ಬರಗಾಲದಲ್ಲಿ ಅಕ್ಕಿ ಅಳೆದ ಹಾಗೆ ಆಟಗಾರರನ್ನು ಅಳೆಯುತ್ತಾನೆ. ನಾಲ್ಕನೇ ಲೈನಿಗೆ ಒಂದು ಪೀರಿಯಡ್ಡಿನಲ್ಲಿ ಎರಡು ಶಿಫ್ಟ್ ಸಿಕ್ಕರೆ ಹೆಚ್ಚು. 16 ವರ್ಷದವನಿಗೆ ಅದೂ ಕಷ್ಟ. ಮೆಕ್‌ಡೇವಿಡ್‌ನಂತೆ 15ಕ್ಕೇ ವಿಶೇಷ ಅನುಮತಿ ಪಡೆದು ಬಂದವರ ಮಾತು ಬೇರೆ, ಅವರನ್ನು ಬೆರಳಲ್ಲಿ ಎಣಿಸಬಹುದು. ನಿನಗೆ ಸುಳ್ಳು ಧೈರ್ಯ ಹೇಳಲಾರೆ ಮಗೂ: ಈ ಸರಣಿಯಲ್ಲಿ ನೀನು ಬಹುತೇಕ ಮೇಲೆಯೇ ಕೂರುತ್ತೀಯ.

20 ತಂಡದಲ್ಲಿ 16 ಪ್ಲೇಆಫಿಗೆ ಬರುತ್ತವೆ ಅಂದರೆ ಊರಿನ ಕಡೆಯವರು ನಗುತ್ತಾರೆ. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಹಿಮದಲ್ಲಿ ಬಸ್ ಓಡಿಸಿ ಮನೆಗೆ ಕಳಿಸುವುದು ನಾಲ್ಕೇ ತಂಡವನ್ನೇ? ಆದರೆ ಯಾರಿಗೆ ಯಾರು ಎದುರು, ಏಳನೇ ಆಟ ಬಂದರೆ ಯಾರ ಊರಿನಲ್ಲಿ ಎಂಬುದೆಲ್ಲ ಆ 68 ಆಟಗಳ ಮೇಲೇ ನಿಲ್ಲುತ್ತದೆ. ಸ್ವಂತ ಮನೆಯ ತಂಡಕ್ಕೆ ಕೊನೆಯ ಬದಲಾವಣೆಯ ಹಕ್ಕು. ಎದುರಾಳಿ ಯಾರನ್ನು ಇಳಿಸಿದ ಎಂದು ನೋಡಿ ತನ್ನವರನ್ನು ಇಳಿಸಬಹುದು. ನೀವು ನಿಮ್ಮ ವಿಭಾಗದಲ್ಲಿ ಆರನೆಯವರಾಗಿ ಬಂದಿದ್ದೀರಿ, ಮೂರನೆಯವರ ಮನೆಗೆ ಮೊದಲು ಹೋಗುತ್ತೀರಿ. ಕಷ್ಟವಿದೆ. ಅಸಾಧ್ಯವಿಲ್ಲ. 2023ರಲ್ಲಿ ಪೀಟರ್‌ಬರೋ ತಂಡ ಪೂರ್ವ ವಿಭಾಗದಲ್ಲಿ ನಾಲ್ಕನೆಯದಾಗಿ ಬಂದು ಲೀಗಿನ ಕಪ್ಪನ್ನೇ ಎತ್ತಿತು.

ಕೊಡಗಿನ ನಮ್ಮ ಕೌಟುಂಬಿಕ ಹಾಕಿಯ ಬಗ್ಗೆ ನಿನಗೆ ಎಷ್ಟೋ ಸಲ ಹೇಳಿದ್ದೇನೆ, ಇನ್ನೊಂದು ಸಲ ಕೇಳು. ನಾನು ಊರು ಬಿಟ್ಟು ಬಂದ ಎಷ್ಟೋ ಕಾಲದ ಮೇಲೆ, 1997ರಲ್ಲಿ, ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳನ್ನು, ಅಂದರೆ ಮನೆತನಗಳನ್ನು, ಸೇರಿಸಿ ಅದನ್ನು ಶುರು ಮಾಡಿದರು. 2024ರಲ್ಲಿ ನಾಪೋಕ್ಲಿನಲ್ಲಿ 360 ಒಕ್ಕಗಳು ಆಡಿದವು, ಗಿನ್ನೆಸ್‌ನವರೇ ಬರೆದುಕೊಂಡರು. ರಜೆಗೆ ಹೋದಾಗ ನಾನು ನೋಡಿದ್ದೇನೆ: ಮೊಣಕಾಲಿಗೆ ಪಟ್ಟಿ ಕಟ್ಟಿದ ನಿವೃತ್ತ ಸುಬೇದಾರ ಒಂದು ತುದಿಯಲ್ಲಿ, ಅವನ ಅಣ್ಣನ ಮೊಮ್ಮಗ ಇನ್ನೊಂದು ತುದಿಯಲ್ಲಿ, ನಡುವೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ಸೊಸೆ. ಸೋತವರಿಗೆ ಅಂದೇ ಮುಕ್ತಾಯ, ಮುಂದಿನ ವರ್ಷದವರೆಗೆ. ಆಮೇಲೆ ಊಟ, ಒಂದಿಷ್ಟು ಜಗಳ, ಮತ್ತೆ ಊಟ. ಅಲ್ಲಿ ಆಟಗಾರನಿಗೆ ಒಂದು ನೆಮ್ಮದಿ ಇದೆ. ಒಕ್ಕದಲ್ಲಿ ಹುಟ್ಟಿದವನನ್ನು ಇನ್ನೊಂದು ಒಕ್ಕಕ್ಕೆ ಯಾರೂ ಟ್ರೇಡ್ ಮಾಡಲಾರರು.

ಇಲ್ಲಿ ಮಾಡುತ್ತಾರೆ. ಜನವರಿಯಲ್ಲಿ ನಿನ್ನ ಗೆಳೆಯನನ್ನು ಕಳಿಸಿದಾಗ ನೀನು ಅಮ್ಮನಿಗೆ ಮಾಡಿದ ಫೋನಿನ ವಿಷಯ ಪೂರ್ತಿ ನನ್ನವರೆಗೂ ಬಂದಿದೆ, ಅದರಲ್ಲಿ ಅರ್ಧವೇನೂ ಉಳಿಸಲಿಲ್ಲ. ಬೆಳಿಗ್ಗೆ ಶಾಲೆಯಲ್ಲಿ ಲೆಕ್ಕದ ಪರೀಕ್ಷೆ ಬರೆದವನು ಸಂಜೆಗೆ ಬೇರೆ ಊರು, ಬೇರೆ ಶಾಲೆ, ಇಟ್ಟುಕೊಂಡು ನೋಡಿಕೊಳ್ಳುವ ಬೇರೆ ಬಿಲೆಟ್ ಮನೆ. ನನಗೂ ಈ ಪದ್ಧತಿ ಒಗ್ಗಿಲ್ಲ. ಮಕ್ಕಳ ವಯಸ್ಸಿನವರನ್ನು ಹೀಗೆ ಅದಲು ಬದಲು ಮಾಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ, ಗೆಲ್ಲುವ ತಂಡದ ಟಿಕೆಟ್ ಕೊಂಡು ಕೂತಾಗಲೂ.

ಆದರೂ ನಾನು ಕಂಡ ಅತ್ಯಂತ ಚಂದದ ಪ್ಲೇಆಫ್ ಅಂಥ ಒಂದು ಟ್ರೇಡಿನಿಂದಲೇ ಆದದ್ದು. ನಿನಗಾಗ ಹಲ್ಲು ಬೀಳುವ ವಯಸ್ಸು. 2019ರ ಜನವರಿಯಲ್ಲಿ ನಮ್ಮ ಗ್ವೆಲ್ಫ್ ಸ್ಟಾರ್ಮ್ ತಂಡ ಓವನ್ ಸೌಂಡ್‌ನಿಂದ ನಿಕ್ ಸುಜುಕಿಯನ್ನು ತಂದಿತು. ಅದಕ್ಕೆ ನಾಲ್ಕು ತಿಂಗಳ ಹಿಂದೆಯಷ್ಟೇ ಲಾಸ್ ವೇಗಸ್‌ನವರು ಆ ಹುಡುಗನ ಮೇಲಿನ, ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗಿನ ಹಕ್ಕನ್ನು ಮಾಂಟ್ರಿಯಲ್‌ಗೆ ದಾಟಿಸಿದ್ದರು. ಅರ್ಧ ವರ್ಷದೊಳಗೆ ಎರಡು ಸಲ ಕೈ ಬದಲಾದ ಹುಡುಗ. ಮೊದಲ ಸುತ್ತಿನಲ್ಲಿ ಕಿಚನರ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿದೆವು. ಎರಡನೇ ಸುತ್ತಿನಲ್ಲಿ ಲಂಡನ್ ವಿರುದ್ಧ ಮೊದಲ ಮೂರೂ ಸೋತೆವು. ಇನ್ನೊಂದು ಸೋತರೆ ಮನೆಗೆ. ಅಜ್ಜಿ ತೋಟದ ಕೆಲಸದ ಪಟ್ಟಿ ಆಗಲೇ ಬರೆದಿಟ್ಟಿದ್ದಳು. ಮುಂದಿನ ನಾಲ್ಕೂ ಗೆದ್ದರು, ಕೊನೆಯದ್ದನ್ನು ಲಂಡನ್ನಿನಲ್ಲೇ. ಆಮೇಲೆ ಸ್ಯಾಗಿನಾ ಎದುರು ಒಂದಕ್ಕೆ ಮೂರು ಹಿಂದೆ ಬಿದ್ದು ಮತ್ತೆ ಏಳನೇ ಆಟದವರೆಗೆ ಎಳೆದು ಗೆದ್ದರು. ಫೈನಲ್ಲಿನಲ್ಲಿ ಆಟವಾ. ಅವರು ಅಲ್ಲಿಯವರೆಗೆ ಮೂರು ಸುತ್ತುಗಳಲ್ಲಿ ಒಂದೂ ಸೋತಿರಲಿಲ್ಲ, ಫೈನಲ್ಲಿನ ಮೊದಲೆರಡನ್ನೂ ಗೆದ್ದು ಸತತ 14 ಮಾಡಿಕೊಂಡರು. ಅಲ್ಲಿಂದ ಮುಂದೆ ನಾಲ್ಕೂ ನಮ್ಮವು. ಸ್ಲೀಮನ್ ಸೆಂಟರಿನಲ್ಲಿ ಆ ರಾತ್ರಿ ಅಜ್ಜಿ ಪಕ್ಕದ ಅಪರಿಚಿತನನ್ನು ತಬ್ಬಿಕೊಂಡಳು. ಆಮೇಲೆ ಹ್ಯಾಲಿಫ್ಯಾಕ್ಸಿನ ಮೆಮೋರಿಯಲ್ ಕಪ್ ರೂಯಿನ್-ನೊರಾಂಡಾದವರ ಪಾಲಾಯಿತು, ಅದು ಬೇರೆ ಮಾತು.

ಸುಜುಕಿಗೆ ಆ ಪ್ಲೇಆಫಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಬಂತು, ಈಗ ಮಾಂಟ್ರಿಯಲ್‌ನ ಕ್ಯಾಪ್ಟನ್. ಅವನ ಗೋಲುಗಳನ್ನು ನೀನು ಫೋನಿನಲ್ಲಿ ಎಷ್ಟು ಬೇಕಾದರೂ ನೋಡಬಹುದು. ಫೋನಿನಲ್ಲಿ ಸಿಗದ ಒಂದನ್ನು ನಾನು ಮೇಲಿನ ಸಾಲಿನಿಂದ ನೋಡಿದೆ. ಪಕ್ ತನ್ನ ಹತ್ತಿರ ಇಲ್ಲದಾಗ ಅವನು ಏನು ಮಾಡುತ್ತಾನೆ ಎಂಬುದನ್ನು. ಕ್ಯಾಮೆರಾ ಪಕ್ಕಿನ ಹಿಂದೆಯೇ ಓಡುತ್ತದೆ, ಜನರ ಕಣ್ಣೂ ಹಾಗೆಯೇ. ಗ್ಯಾಲರಿಯಲ್ಲಿ ಎತ್ತರಕ್ಕೆ ಕೂತವನಿಗೆ ಮಾತ್ರ ಇಡೀ ಮಂಜುಗಡ್ಡೆ ಒಂದೇ ನೋಟಕ್ಕೆ ಸಿಗುತ್ತದೆ. ಎಲ್ಲರೂ ಪಕ್ಕಿನತ್ತ ಧಾವಿಸುವಾಗ ಅವನು ನಿಧಾನ ಮಾಡುತ್ತಿದ್ದ. ಪಾಸ್ ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುತ್ತಿದ್ದ. ಎರಡು ಸೆಕೆಂಡಿನ ಮೇಲೆ ಪಕ್ ಬರುವ ಜಾಗದಲ್ಲಿ ಆಗಲೇ ನಿಂತಿರುತ್ತಿದ್ದ.

ಈ ಕಾಗದದ ಕೆಲಸ ಇಷ್ಟೇ, ಮುತ್ತಣ್ಣ. ಮೇಲೆ ಕೂತ ರಾತ್ರಿಗಳಲ್ಲಿ ಫೋನನ್ನು ಕೋಟಿನ ಜೇಬಿನಿಂದ ತೆಗೆಯಬೇಡ. ಗೆಳೆಯರ ಪಕ್ಕ ಕೂತು ಪಾಪ್‌ಕಾರ್ನ್ ತಿನ್ನುತ್ತಾ ಆಟ ನೋಡಬೇಡ. ಒಬ್ಬನೇ ಮೇಲಿನ ಸಾಲಿಗೆ ಹೋಗು, ಒಬ್ಬನೇ ಆಟಗಾರನನ್ನು ಹಿಡಿ, ಇಡೀ ಪೀರಿಯಡ್ ಅವನನ್ನೇ ನೋಡು. ಪಕ್ ಎಲ್ಲಿ ಬೇಕಾದರೂ ಇರಲಿ, ಗೋಲೇ ಆಗಲಿ, ನಿನ್ನ ಕಣ್ಣು ಅವನ ಮೇಲಿರಲಿ.

ಯಾರನ್ನು ಅಂತ ಕೇಳುತ್ತೀಯ. ನಿನ್ನದು ಲೆಫ್ಟ್ ವಿಂಗ್. ಮೊದಲ ಆಟದಲ್ಲಿ ನಿಮ್ಮ ಮೊದಲ ಲೈನಿನ ಲೆಫ್ಟ್ ವಿಂಗಿನವನನ್ನು ನೋಡು: ನಿಮ್ಮ ಡಿಫೆನ್ಸ್‌ನವನು ಗೋಲಿನ ಹಿಂದೆ ಪಕ್ ಎತ್ತಿಕೊಂಡಾಗ ಅವನು ಬೋರ್ಡಿನ ಹತ್ತಿರ ಎಲ್ಲಿ ನಿಲ್ಲುತ್ತಾನೆ, ಬೆನ್ನು ಯಾವ ಕಡೆಗೆ, 40-45 ಸೆಕೆಂಡಿಗೆ ಬೆಂಚಿಗೆ ಮರಳುವಾಗ ಸುಸ್ತಾಗಿದ್ದರೂ ಪಕ್ಕನ್ನು ಒಳಕ್ಕೆ ತಳ್ಳಿ ಬರುತ್ತಾನೋ ಅಥವಾ ಬ್ಲೂ ಲೈನಿನಲ್ಲೇ ಬಿಟ್ಟು ಬರುತ್ತಾನೋ. ಎರಡನೇ ಆಟದಲ್ಲಿ ಎದುರಾಳಿಯ ರೈಟ್ ಡಿಫೆನ್ಸ್‌ನವನನ್ನು ಹಿಡಿ. ನಾಳೆ ನಿನ್ನನ್ನು ಇಳಿಸಿದರೆ ಎದುರಿಗೆ ಸಿಗುವವನು ಅವನೇ. ಅವಸರವಾದಾಗ ಯಾವ ಕಡೆ ತಿರುಗುತ್ತಾನೆ? ಒಬ್ಬ ಮೇಲೆ ಬಿದ್ದರೆ ಗಾಜಿಗೆ ಹೊಡೆದು ಹೊರಹಾಕುತ್ತಾನೆಯೇ, ನಡುವಿಗೆ ಕೊಡುತ್ತಾನೆಯೇ? ಏಳು ಆಟಗಳ ಸರಣಿಯ ಗುಣವೇ ಇದು. ನಮ್ಮ ಕೊಡಗಿನ ಆಟದಲ್ಲಿ ಎದುರಾಳಿಯನ್ನು ಅರಿಯುವ ಹೊತ್ತಿಗೆ ಆಟವೇ ಮುಗಿದಿರುತ್ತದೆ. ಇಲ್ಲಿ ಅದೇ ಮನುಷ್ಯ ನಾಳಿದ್ದು ಮತ್ತೆ ಬರುತ್ತಾನೆ, ಅದೇ ಚಾಳಿಯೊಡನೆ.

ಕಂಡದ್ದನ್ನು ಬರೆದುಕೋ, ಎರಡೇ ಸಾಲು. ಕೋಚಿಗೆ ತೋರಿಸಲು ಹೋಗಬೇಡ, ಬುದ್ಧಿವಂತಿಕೆ ಪ್ರದರ್ಶನ ಅನ್ನಿಸುತ್ತದೆ. ಮೂರನೇ ಆಟದ ಹೊತ್ತಿಗೆ ಯಾರಿಗಾದರೂ ಭುಜ ನೋಯುತ್ತದೆ, ಇನ್ಯಾರಿಗೋ ಜ್ವರ ಬರುತ್ತದೆ. ಪ್ಲೇಆಫಿನಲ್ಲಿ ಡ್ರಾ ಇಲ್ಲ, ಶೂಟ್‌ಔಟ್ ಇಲ್ಲ, ಗೋಲಾಗುವವರೆಗೆ 20 ನಿಮಿಷದ ಮೇಲೆ 20 ನಿಮಿಷ ಓವರ್‌ಟೈಮ್. ಎರಡನೇ ಓವರ್‌ಟೈಮಿನಲ್ಲಿ ಕಾಲು ಸೋತವರ ನಡುವೆ ನಾಲ್ಕನೇ ಲೈನಿನ ಹುಡುಗನ ಹೆಸರನ್ನೂ ಕರೆಯುತ್ತಾರೆ. ಕರೆಯದಿದ್ದರೂ ಮುಂದಿನ ಸೆಪ್ಟೆಂಬರಿನಲ್ಲಿ ನೀನು 17ರ ಹುಡುಗನಾಗಿ ಹೋಗುವಾಗ ನಿನ್ನ ಕೈಯಲ್ಲಿ ಒಂದು ಸಣ್ಣ ಪುಸ್ತಕ ಇರುತ್ತದೆ.

ಇನ್ನೊಂದು ಮಾತು, ಇದು ಸಲಹೆಯಲ್ಲ, ಕೋರಿಕೆ. ನಿಮ್ಮ ತಂಡದ 20 ವರ್ಷದ ಹುಡುಗರ ಮೇಲೆ ಒಂದು ಕಣ್ಣಿಡು. ಒಂದು ತಂಡಕ್ಕೆ ಅಂಥವರು ಮೂವರೇ. ಸೋತ ದಿನ ಅವರ ಜೂನಿಯರ್ ಆಟ ಮುಗಿಯಿತು. ಹೆಚ್ಚಿನವರಿಗೆ ಎನ್‌ಎಚ್‌ಎಲ್ ಇಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಲೀಗ್ ನಿಂತಾಗ ಆ ವರ್ಷದ ಹುಡುಗರಿಗೆ ಕೊನೆಯ ಆಟವೆಂಬುದೇ ದಕ್ಕಲಿಲ್ಲ, ಮುಂದಿನ ವರ್ಷವಂತೂ ಲೀಗೇ ನಡೆಯಲಿಲ್ಲ. ಸರಣಿ ಮುಗಿದ ಮೇಲೆ ಕೈಕುಲುಕುವ ಸಾಲಿನಿಂದ ಅವರು ಬಟ್ಟೆ ಬದಲಿಸುವ ಕೋಣೆಗೆ ಬಂದಾಗ ನೀನು ಕೋಟು ಟೈಯಲ್ಲೇ ಇದ್ದರೂ ಒಳಗೆ ಹೋಗಿ ಪಕ್ಕದಲ್ಲಿ ಕೂರು. ಮಾತಾಡಬೇಕೆಂದಿಲ್ಲ.

ಓದಿನ ಬಗ್ಗೆ ಬರೆಯಲೇಬೇಕೆಂದು ಅಜ್ಜಿಯ ಆಜ್ಞೆ. ಆಡಿದ ಪ್ರತಿ ಸೀಸನ್ನಿಗೆ ಒಂದು ವರ್ಷದ ಕಾಲೇಜು ಫೀಸು ಕೊಡುವ ವಿದ್ಯಾರ್ಥಿವೇತನ ಇದೆ. ಹಿಂದೆ ಇಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿಬಿಡುತ್ತಿತ್ತು, 2025ರ ಆಗಸ್ಟಿನಿಂದ ಅದೂ ತೆರೆದಿದೆ. ಕೆಮಿಸ್ಟ್ರಿ ಅಸೈನ್‌ಮೆಂಟ್ ಬಸ್ಸಿನಲ್ಲೇ ಮುಗಿಸು. ಆಜ್ಞೆ ಪಾಲಿಸಿದ್ದೇನೆ.

ಮೂರನೇ ಆಟಕ್ಕೆ ನಿಮ್ಮ ಊರಿಗೆ ನಾವಿಬ್ಬರೂ ಬರುತ್ತೇವೆ. ಟಿಕೆಟ್ ಕೊಂಡಾಯಿತು, ನಿನ್ನ ಪಾಲಿನ ಉಚಿತ ಟಿಕೆಟ್ಟು ಬಿಲೆಟ್ ಮನೆಯವರಿಗೇ ಇರಲಿ. ದಾರಿಯಲ್ಲಿ ಹಿಮ ಬಿದ್ದರೆ ನಾನು ಕಾರು ಓಡಿಸುವುದಿಲ್ಲ, ನಿನ್ನ ಮಾವ ಓಡಿಸುತ್ತಾನೆ, ಅಮ್ಮನಿಗೆ ಹೇಳಿ ಗಾಬರಿ ಹುಟ್ಟಿಸಬೇಡ. ಬಿಲೆಟ್ ಅಮ್ಮ ಪಂದಿಕರಿ ಮಾಡಿ ನೋಡುತ್ತೇನೆ ಅಂದಿದ್ದರಂತೆ; ಅವರಿಗೆ ಒಂದು ಬಾಟಲಿ ಕಾಚಂಪುಳಿ ತರುತ್ತಿದ್ದೇನೆ. ಸೋಯಾ ಸಾಸ್ ಎಂದು ತಿಳಿದು ಸುರಿದುಬಿಟ್ಟಾರು. ಒಂದು ಕಿಲೋ ಮಾಂಸಕ್ಕೆ ಒಂದು ಚಮಚ, ಅದೂ ಇಳಿಸುವ ಮುಂಚೆ ಅಂತ ಈಗಲೇ ಹೇಳಿಡು.

ಇಂತಿ ನಿನ್ನ ಪ್ರೀತಿಯ
ತಾತ