ಮೈಗೆ ಕಷ್ಟ, ಜೇಬಿಗೆ ಹಗುರ

ಎರಡೇ ಸೀಟು, ಬಟ್ಟೆಯ ಟಾಪು, ಎರಡು ಸಣ್ಣ ಬ್ಯಾಗು ಇಟ್ಟರೆ ತುಂಬಿಹೋಗುವ ಡಿಕ್ಕಿ. ಇಂಥ ಕಾರಿಗೆ ದುಡ್ಡು ಹಾಕುವುದು ಸಂಸಾರವಂದಿಗರ ಕೆಲಸವಲ್ಲ ಎನ್ನುವ ಮಾತು ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಹೊಸದೇನಲ್ಲ. ಆ ಮಾತಿನಲ್ಲಿ ವಿವೇಕವಿದೆ. ಉಳಿತಾಯದ ಪರವಾಗಿಯೇ ಬರೆಯುತ್ತ ಬಂದ ನಾನು ಅದನ್ನು ತಳ್ಳಿಹಾಕಲಾರೆ. ಆದರೂ ಸಂತೋಷಕ್ಕೆಂದೇ ಒಂದು ಕಾರು ಕೊಳ್ಳುವುದಾದರೆ, ಪುಟ್ಟ ಕನ್ವರ್ಟಿಬಲ್ ಸ್ಪೋರ್ಟ್ಸ್ ಕಾರಿನಷ್ಟು, ಅದರಲ್ಲೂ ಮಾಜ್ದಾ ಎಂಎಕ್ಸ್-5 ಮಿಯಾಟಾದಷ್ಟು, ಲೆಕ್ಕಕ್ಕೆ ಸರಿಹೊಂದುವ ಕಾರು ಇನ್ನೊಂದಿಲ್ಲ. ಅದನ್ನು ಇಟ್ಟುಕೊಂಡು, ಓಡಿಸಿ, ಅದರ ಖರ್ಚುವೆಚ್ಚ ಬರೆದಿಟ್ಟುಕೊಂಡ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯವಿದು. ಕಾರಣವೂ ಸರಳ. ಆ ಕಾರಿನಲ್ಲಿ ಕೂತವರಿಗೆ ಆಗುವ ತೊಂದರೆಗಳೇ ಅದರ ಖರ್ಚನ್ನು ತಗ್ಗಿಸುತ್ತವೆ. ಗಾಳಿ, ಸದ್ದು, ಬಿಸಿಲು, ಇಕ್ಕಟ್ಟು ಇವನ್ನೆಲ್ಲ ಮೈ ತಾಳಿಕೊಂಡರೆ, ಅವನ್ನು ತಪ್ಪಿಸುವುದಕ್ಕೆ ಜೇಬು ಹಣ ತೆರಬೇಕಾಗಿಲ್ಲ.

ಈ ಕಾರು ಹುಟ್ಟಿದ್ದೇ ಹಾಗೆ. 1960ರ ದಶಕದ ಲೋಟಸ್ ಎಲಾನ್, ಎಂಜಿಬಿಯಂಥ ಬ್ರಿಟಿಷ್ ಕಾರುಗಳು ಹಗುರ ಮೈ, ಸಾಧಾರಣ ಎಂಜಿನ್, ತೆರೆದ ಮಾಡು ಎಂಬ ಮೂರೇ ಸಾಮಗ್ರಿಗಳಲ್ಲಿ ಸಂತೋಷ ಕೊಡುತ್ತಿದ್ದವು. ಆದರೆ ಎಣ್ಣೆ ಸೋರುವುದು, ತುಕ್ಕು ಹಿಡಿಯುವುದು, ಮಳೆಯಲ್ಲಿ ಕೈಕೊಡುವುದು ಅವುಗಳ ಜೊತೆಗೇ ಬರುತ್ತಿತ್ತು. ಆ ಸಂತೋಷವನ್ನು ನಂಬಿಕೆಗೆ ಯೋಗ್ಯವಾದ ಯಂತ್ರದಲ್ಲಿ ಮತ್ತೆ ಕಟ್ಟಬೇಕೆಂದು ಅಮೆರಿಕದ ಮೋಟಾರು ಪತ್ರಕರ್ತ ಬಾಬ್ ಹಾಲ್ 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರಿಗೆ ಸೂಚಿಸಿದರು. ಹತ್ತು ವರ್ಷದ ಬಳಿಕ, 1989ರ ಫೆಬ್ರುವರಿಯಲ್ಲಿ, ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಮಿಯಾಟಾ ಹೊರಬಂತು. 1.6 ಲೀಟರ್ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ, ಅಮೆರಿಕದಲ್ಲಿ 13,800 ಡಾಲರ್ ಬೆಲೆ. 2000ನೇ ಇಸವಿಗೆ ಅದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು ಗಿನ್ನೆಸ್ ದಾಖಲೆ ಸೇರಿತು. 2016ರ ಏಪ್ರಿಲ್‌ನಲ್ಲಿ ಹಿರೋಷಿಮಾದ ಕಾರ್ಖಾನೆಯಿಂದ ಹತ್ತು ಲಕ್ಷನೆಯ ಕಾರು ಹೊರಬಿತ್ತು. 2015ರಲ್ಲಿ ಬಂದ ನಾಲ್ಕನೇ ತಲೆಮಾರು ಅಮೆರಿಕದಲ್ಲಿ 2 ಲೀಟರ್ ಎಂಜಿನ್ನಿನದು; ಅಷ್ಟಾದರೂ ಅದರ ತೂಕ ಇವತ್ತಿಗೂ ಒಂದು ಟನ್ನಿನ ಆಸುಪಾಸಿನಲ್ಲೇ ಇದೆ. ಮೂರು ದಶಕದಲ್ಲಿ ಉಳಿದ ಕಾರುಗಳೆಲ್ಲ ಉಬ್ಬಿಕೊಂಡವು, ಇದು ಉಬ್ಬಲಿಲ್ಲ. ಹಣದ ದೃಷ್ಟಿಯಿಂದ ಇದರ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಇದೇ.

ತೂಕವೇ ಖರ್ಚಿನ ಬೇರು. ಹಗುರ ಕಾರಿಗೆ ಸಣ್ಣ ಟೈರು ಸಾಕು. ಮಿಯಾಟಾದ ಸಾದಾ ಮಾದರಿಗೆ 16 ಇಂಚಿನವು. ಬ್ರೇಕ್ ಪ್ಯಾಡು ಬೇಗ ಸವೆಯುವುದಿಲ್ಲ. ಪೆಟ್ರೋಲು ಒಳ್ಳೆಯ ದರ್ಜೆಯದನ್ನೇ ಹಾಕಿ ಎಂದು ಕಂಪನಿ ಹೇಳುತ್ತದೆ, ಅದರ ದರ ಸ್ವಲ್ಪ ಹೆಚ್ಚು. ಆದರೆ ಹೆದ್ದಾರಿಯಲ್ಲಿ ಗ್ಯಾಲನ್‌ಗೆ ಸುಮಾರು 35 ಮೈಲಿಯ ಲೆಕ್ಕ ಬರುವಾಗ ಆ ಹೆಚ್ಚಳ ದೊಡ್ಡದಲ್ಲ. ಟರ್ಬೊ ಇಲ್ಲ, ಗಾಳಿಯ ಸಸ್ಪೆನ್ಷನ್ ಇಲ್ಲ, ಟಾಪು ಮಡಚುವ ಮೋಟಾರಿಲ್ಲ. ಕನ್ನಡಿಯ ಮೇಲಿರುವ ಕೊಂಡಿಯನ್ನು ಬಿಚ್ಚಿ, ಸೀಟಿನಲ್ಲಿ ಕೂತಲ್ಲೇ ಒಂದು ಕೈಯಲ್ಲಿ ಟಾಪನ್ನು ಹಿಂದಕ್ಕೆ ನೂಕಿ, ಟಕ್ಕೆಂದು ಕೂರುವವರೆಗೆ ಒತ್ತಿದರೆ ಆಯಿತು. ಹತ್ತು ಸೆಕೆಂಡು ಬೇಡ. ಈ ಏರ್ಪಾಟಿನಲ್ಲಿ ಕೆಡುವುದಕ್ಕೆ ಏನೂ ಇಲ್ಲ. ಇದರ ಬದಲು ಗುಂಡಿ ಒತ್ತಿದರೆ ತಾನೇ ಮಡಚಿಕೊಳ್ಳುವ ಲೋಹದ ಟಾಪು ಬೇಕೆನ್ನುವವರು ಮೊದಲು ಕಾರಿನ ಬೆಲೆಯಲ್ಲಿ ಹಲವು ಸಾವಿರ ಡಾಲರ್ ಹೆಚ್ಚು ಕೊಡುತ್ತಾರೆ. ಗ್ಯಾರಂಟಿ ಮುಗಿದ ಮೇಲೆ ಮೋಟಾರು, ಸೆನ್ಸರು, ವೈರುಗಳ ರಿಪೇರಿಗೆ ಮತ್ತೆ ಕೊಡುತ್ತಾರೆ. ಬಿಎಂಡಬ್ಲ್ಯು ಕಂಪನಿಯೇ 2009ರ ಝಡ್4 ಕಾರಿಗೆ ಲೋಹದ ಮಡಚು ಟಾಪು ಕೊಟ್ಟು, 2018ರ ಮುಂದಿನ ಮಾದರಿಯಲ್ಲಿ ಬಟ್ಟೆಗೆ ವಾಪಸಾಯಿತು. ಬಟ್ಟೆಯಲ್ಲಿ ಬಡತನವೇನಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಟ್ಟೆಗೆ ಅದರದೇ ಖರ್ಚಿದೆ, ಅದನ್ನು ಮುಚ್ಚಿಡಬಾರದು. ಬಿಸಿಲಿನಲ್ಲೇ ನಿಲ್ಲುವ ಕಾರಿನ ಟಾಪು ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಹೊಸದು ಹಾಕಿಸಲು ಕೂಲಿ ಸೇರಿ ಸಾವಿರ ಡಾಲರ್ ದಾಟುತ್ತದೆ. ಹಳೆಯ ತಲೆಮಾರಿನ ಕಾರುಗಳಲ್ಲಿ ಟಾಪಿನ ಮೇಲೆ ಬಿದ್ದ ನೀರು ಸೀಟಿನ ಹಿಂದಿನ ಎರಡು ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಪೈನ್ ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಆ ಕೊಳವೆಗಳಿಗೆ ಸೂಜಿ ಎಲೆ, ಧೂಳು ಕಟ್ಟಿಕೊಳ್ಳುತ್ತವೆ. ಚಳಿಗಾಲದ ಮಳೆ ಬಂದಾಗ ನೀರು ಹೊರಹೋಗಲಾರದೆ ಕಾರ್ಪೆಟ್ ಕೆಳಗೆ ಸೇರುತ್ತದೆ, ಬಾಗಿಲ ಕೆಳಗಿನ ಪಟ್ಟಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮೇಲಿನ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ತಪ್ಪಿಸಲು ಬೇಕಾದದ್ದು ವರ್ಷಕ್ಕೆರಡು ಸಲ ಒಂದು ಮೆತ್ತನೆಯ ನೈಲಾನ್ ತಂತಿ ಹಾಯಿಸುವ ತಾಳ್ಮೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ನಿನ ಮುಚ್ಚಳ ತೆಗೆಯುವ ಮೊದಲು ಕಾರ್ಪೆಟ್ಟಿನ ಕೆಳಗೆ ಕೈಯಿಟ್ಟು ನೋಡಬೇಕು. ಒದ್ದೆಯಿದ್ದರೆ ಅಲ್ಲಿಗೇ ಮಾತು ಮುಗಿಸಿ ಬರಬಹುದು.

ಇನ್ನು ಅಂಕಿ ಅಂಶ. ಅಮೆರಿಕದಲ್ಲಿ ಹೊಸ ಕಾರೊಂದನ್ನು ಇಟ್ಟುಕೊಳ್ಳಲು ವರ್ಷಕ್ಕೆ ಸರಾಸರಿ 12,297 ಡಾಲರ್ ಬೇಕು ಎಂದು ಅಲ್ಲಿನ ವಾಹನ ಸವಾರರ ಸಂಘ ಎಎಎ 2024ರಲ್ಲಿ ಲೆಕ್ಕ ಹಾಕಿತು. ಅದರಲ್ಲಿ ಅತಿ ದೊಡ್ಡ ಪಾಲು ಪೆಟ್ರೋಲಿನದಲ್ಲ, ವಿಮೆಯದೂ ಅಲ್ಲ. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುವುದರಿಂದ ಆಗುವ ನಷ್ಟದ್ದು. ಕೈಯಿಂದ ನೋಟು ಹೋಗದ ಕಾರಣ ಈ ನಷ್ಟ ನಮಗೆ ಕಾಣುವುದಿಲ್ಲ. ಬೆಲೆ ಇಳಿಯುವ ವೇಗ ಆರಂಭದ ವರ್ಷಗಳಲ್ಲೇ ಹೆಚ್ಚು, ದುಬಾರಿ ಸವಲತ್ತುಗಳ ಕಾರಿನಲ್ಲಂತೂ ಇನ್ನೂ ಹೆಚ್ಚು. ಹತ್ತು ವರ್ಷದ ಹಿಂದಿನ ಐಷಾರಾಮಿ ಕನ್ವರ್ಟಿಬಲ್ಲನ್ನು ಕೊಳ್ಳಲು ಜನ ಹೆದರುತ್ತಾರೆ. ಅದರ ರಿಪೇರಿಯ ಬಿಲ್ಲು ಹೊಸ ಕಾರಿನ ಮಟ್ಟದ್ದೇ ಆಗಿರುತ್ತದೆ. ಕೆಡುವುದಕ್ಕೆ ಹೆಚ್ಚೇನೂ ಇಲ್ಲದ ಮಿಯಾಟಾಕ್ಕೆ ಹತ್ತು ವರ್ಷವಾದರೂ ಗಿರಾಕಿ ಸಿಗುತ್ತಾರೆ, ಬಿಡಿಭಾಗ ಸಿಗುತ್ತವೆ, ಯಾವ ಊರಿನ ಮೆಕ್ಯಾನಿಕ್ಕಾದರೂ ಕೈಹಾಕುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷವರ್ಷದ ವಾಹನ ಶುಲ್ಕದ ಒಂದು ಭಾಗ ಕಾರಿನ ಮೌಲ್ಯದ ಶೇ. 0.65ರಂತೆ ಇರುವುದರಿಂದ, ಅಗ್ಗದ ಕಾರಿಗೆ ಅದೂ ಅಗ್ಗ. ಹಾಗಾಗಿ ನನ್ನ ಸಲಹೆ ಐದಾರು ವರ್ಷ ಹಳೆಯದಾದ, ಒಬ್ಬರೇ ಜತನದಿಂದ ಓಡಿಸಿದ ಕಾರಿನ ಪರ. ಬೆಲೆಯ ಕಡಿದಾದ ಇಳಿಜಾರನ್ನು ಆಗಲೇ ಬೇರೆಯವರು ದಾಟಿರುತ್ತಾರೆ.

ಸಂತೋಷದ ಮಾತಿಗೆ ಬರುತ್ತೇನೆ. ಅದು ದೊಡ್ಡದಿಲ್ಲದಿದ್ದರೆ ಮೇಲಿನ ಉಳಿತಾಯಕ್ಕೆ ಅರ್ಥವಿಲ್ಲ. ಮುನ್ನೂರು ನಾನೂರು ಅಶ್ವಶಕ್ತಿಯ ಕಾರು ತನ್ನ ರುಚಿ ತೋರಿಸುವುದು ಕಾನೂನು ಮೀರಿದ ವೇಗದಲ್ಲಿ. ಅಲ್ಲಿ ಸಿಗುವ ಸಂತೋಷಕ್ಕೆ ದಂಡ, ದಂಡದ ಹಿಂದೆಯೇ ಏರುವ ವಿಮಾ ಕಂತು ಇವೆಲ್ಲ ಅಂಟಿಕೊಂಡಿರುತ್ತವೆ. ನೆಲಕ್ಕೆ ಹತ್ತಿರ ಕೂರಿಸುವ ಹಗುರ ಕಾರಿನಲ್ಲಿ ಗಂಟೆಗೆ 40 ಮೈಲಿಯೇ ವೇಗವೆನಿಸುತ್ತದೆ. ವುಡ್‌ಸೈಡ್ ಮೇಲಿನ ಸ್ಕೈಲೈನ್ ರಸ್ತೆಯಲ್ಲಿ ತಿರುವಿಗೆ ಮುಂಚೆ ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ಗೇರಿನ ಕೋಲು ಬರೀ ಮಣಿಕಟ್ಟಿನ ಚಲನೆಗೆ ಒಪ್ಪುತ್ತದೆ. ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೇ ಮೂತಿ ಹೊರಳುತ್ತದೆ. ರೆಡ್‌ವುಡ್ ಮರಗಳ ನೆರಳಿಗೆ ಹೊಕ್ಕಾಗ ತಣ್ಣನೆಯ ಗಾಳಿ ತೋಳಿಗೆ ತಾಕುತ್ತದೆ, ಬಯಲಿಗೆ ಬಂದಾಗ ಒಣಹುಲ್ಲಿನ ವಾಸನೆ, ಇನ್ನೊಂದು ಗುಡ್ಡ ಇಳಿದರೆ ಕಡಲ ಮಂಜು. ಮುಚ್ಚಿದ ಕಾರಿನಲ್ಲಿ ಇದೇ ರಸ್ತೆ ಬರೀ ಗಾಜಿನಾಚೆಯ ನೋಟ. ಈ ಆನಂದಕ್ಕೆ ರೇಸಿನ ಮೈದಾನ ಬೇಡ, ದೂರದ ಪ್ರವಾಸ ಬೇಡ. ಆಫೀಸಿನಿಂದ ಮನೆಗೆ ಬರುವ ಹಾದಿಯಲ್ಲೂ ಇದು ಸಿಗುತ್ತದೆ. ದುಡ್ಡು ಕೊಟ್ಟು ತಂದ ವಸ್ತು ದಿನಬಳಕೆಯಲ್ಲೇ ಸಂತೋಷ ಕೊಡುವುದು ಅಪರೂಪ, ಅದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ.

ಆ ದುಡ್ಡನ್ನು ಹೂಡಿಕೆ ಮಾಡಬಹುದಿತ್ತಲ್ಲ ಎಂಬುದು ಮೊದಲ ಆಕ್ಷೇಪ, ಮತ್ತು ಅತ್ಯಂತ ನ್ಯಾಯವಾದದ್ದು. 20,000 ಡಾಲರನ್ನು ವರ್ಷಕ್ಕೆ ಶೇ. 6ರ ಚಕ್ರಬಡ್ಡಿಯಲ್ಲಿ ಬೆಳೆಸಿದರೆ ಹತ್ತು ವರ್ಷಕ್ಕೆ ಸುಮಾರು 35,800 ಆಗುತ್ತದೆ. ಆ ಮೊತ್ತದ ಮುಂದೆ ಗಾಳಿ ವಾಸನೆಗಳ ಮಾತು ಹಗುರವಾಗಿ ಕೇಳಿಸುವುದು ಸಹಜ. ನನ್ನ ಉತ್ತರ ಸರದಿಗೆ ಸಂಬಂಧಿಸಿದ್ದು. ಆಪತ್ಕಾಲದ ಹಣ, ನಿವೃತ್ತಿಯ ಉಳಿತಾಯ, ಮಕ್ಕಳ ಓದು, ಊರಿನಲ್ಲಿರುವ ಅಪ್ಪ ಅಮ್ಮನ ಆಸ್ಪತ್ರೆಯ ಖರ್ಚು ಇವು ಮೊದಲು. ಇವೆಲ್ಲ ನೇರವಾಗಿ ನಡೆಯುತ್ತಿದ್ದು ಇನ್ನೂ ಹಣ ಮಿಕ್ಕುವವರಿಗೆ ಮಾತ್ರ ಈ ಕಾರು. ಅದನ್ನೂ ಸಾಲದಲ್ಲಿ ಕೊಳ್ಳಕೂಡದು. ಆರು ಏಳು ವರ್ಷ ಕಂತು ಕಟ್ಟಬೇಕಾದ ಸಂತೋಷ ಮೂರನೇ ವರ್ಷಕ್ಕೆ ಭಾರವಾಗುತ್ತದೆ. ಸರದಿ ಮುಗಿಸಿದವರಿಗೆ ಮಾತ್ರ ನಾನು ಧೈರ್ಯವಾಗಿ ಹೇಳುತ್ತೇನೆ: ಹೂಡಿಕೆ ಬೆಳೆಯುವುದೇ ಯಾವತ್ತೋ ಒಂದು ದಿನ ಖರ್ಚು ಮಾಡುವುದಕ್ಕೆ. ಸೊಂಟ ಗಟ್ಟಿಯಿದ್ದು, ನೆಲಮಟ್ಟದ ಸೀಟಿನಿಂದ ಆಧಾರವಿಲ್ಲದೆ ಏಳಬಲ್ಲ ವಯಸ್ಸಿನಲ್ಲೇ ಕೊಳ್ಳಬೇಕಾದ ವಸ್ತುಗಳಲ್ಲಿ ಇದೂ ಒಂದು.

ಜೀವಕ್ಕೆ ಅಪಾಯವಲ್ಲವೇ ಎಂದು ಮನೆಯವರು ಕೇಳುತ್ತಾರೆ, ಕೇಳಲೇಬೇಕು. ಅಮೆರಿಕದ ವಿಮಾ ಕಂಪನಿಗಳ ಹಣದಲ್ಲಿ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇತ್ತೀಚಿನ ಕನ್ವರ್ಟಿಬಲ್‌ಗಳಲ್ಲಿ ಚಾಲಕರ ಸಾವಿನ ಪ್ರಮಾಣ ಅದೇ ಕಾರುಗಳ ಮುಚ್ಚಿದ ಮಾದರಿಗಿಂತ ಹೆಚ್ಚಿಲ್ಲ ಎಂದು ಕಂಡುಬಂತು. ಅಪಘಾತದಲ್ಲಿ ಸತ್ತವರ ಪೈಕಿ ಹೊರಗೆ ಎಸೆಯಲ್ಪಟ್ಟವರ ಪಾಲು ಮಾತ್ರ ಕನ್ವರ್ಟಿಬಲ್‌ಗಳಲ್ಲಿ ಸ್ವಲ್ಪ ಹೆಚ್ಚಿತ್ತು. ಆದ್ದರಿಂದ ಸೀಟ್ ಬೆಲ್ಟಿನ ವಿಷಯದಲ್ಲಿ ರಾಜಿಯಿಲ್ಲ. ಆದರೆ ಈ ಕಾರನ್ನು ಸುತ್ತ ಓಡಾಡುವ ಪಿಕಪ್ ಟ್ರಕ್ಕುಗಳ ಪಕ್ಕ ಇಟ್ಟು ನೋಡಿದರೆ ಚಿಕ್ಕ ಗಾತ್ರ ಅಪಾಯವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಬೆಳಗಿನ ನಿರ್ಜನ ರಸ್ತೆಗಳನ್ನು ಆರಿಸಿಕೊಳ್ಳುವುದೇ ನನಗೆ ಗೊತ್ತಿರುವ ಪರಿಹಾರ. ಹೆಚ್ಚು ಜನ ಯೋಚಿಸದ ಇನ್ನೊಂದು ಹಾನಿ ಕಿವಿಯದು. ಟಾಪು ತೆರೆದು ಹೆದ್ದಾರಿಯ ವೇಗದಲ್ಲಿ ಹೋಗುವಾಗ ಕಿವಿಯ ಬಳಿ ಸದ್ದು 85 ಡೆಸಿಬೆಲ್ ಮೀರುವುದನ್ನು ವೈದ್ಯರು ಅಳೆದು ತೋರಿಸಿದ್ದಾರೆ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ ತಜ್ಞರು ಶಿಫಾರಸು ಮಾಡುವ ಮಿತಿ ಅಷ್ಟೇ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕಿಟಕಿ ಏರಿಸಿದರೆ ಸದ್ದು ತಗ್ಗುತ್ತದೆ, ದೂರದ ಹೆದ್ದಾರಿಯಲ್ಲಿ ಟಾಪು ಮುಚ್ಚಿಬಿಡುವುದೇ ಸರಿ. ಇಳಿಬಿಸಿಲಿನಲ್ಲಿ ತೆರೆಯುವುದು, ಟೊಪ್ಪಿ ಹಾಕುವುದು, ತುಟಿ ಮೂಗಿಗೆ ಸನ್‌ಸ್ಕ್ರೀನ್ ಹಚ್ಚುವುದು ಖರ್ಚಿಲ್ಲದ ಮದ್ದುಗಳು.

ಸಂಸಾರಕ್ಕೆ ಉಪಯೋಗವಿಲ್ಲ ಎಂಬ ಮಾತಿಗೆ ನನ್ನಲ್ಲಿ ಪ್ರತಿವಾದವೇ ಇಲ್ಲ. ಸುಮಾರು 130 ಲೀಟರಿನ ಡಿಕ್ಕಿಯಲ್ಲಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ, ತರಕಾರಿ ಹಿಡಿಸುತ್ತವೆ. ವಿಮಾನ ನಿಲ್ದಾಣದಿಂದ ಅತ್ತೆ ಮಾವನವರನ್ನು ಸೂಟ್‌ಕೇಸುಗಳ ಜೊತೆ ಕರೆತರಲು ಸಾಧ್ಯವೇ ಇಲ್ಲ. ಮಗುವಿನ ಸೀಟು ಕಟ್ಟಲು ಹಿಂದಿನ ಸೀಟೇ ಇಲ್ಲ. ಆದುದರಿಂದ ಮನೆಗೆ ಇದೊಂದೇ ಕಾರಾದರೆ ಕೊಳ್ಳಬೇಡಿ. ಹಾಗೆಂದು ನಾಲ್ಕು ಸೀಟಿನ ದೊಡ್ಡ ಕನ್ವರ್ಟಿಬಲ್ ರಾಜಿ ಸೂತ್ರವಾಗಿ ಕಂಡರೆ ಅದನ್ನೂ ಒಪ್ಪಲಾರೆ. ಅದರ ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಲಾರರು, ತೂಕ ಒಂದೂವರೆ ಟನ್ ಮೀರುತ್ತದೆ, ತೂಕದ ಹಿಂದೆಯೇ ಟೈರು, ಬ್ರೇಕು, ಪೆಟ್ರೋಲಿನ ಖರ್ಚೂ ಬರುತ್ತದೆ. ಮನೆಗೊಂದು ಸಾದಾ ಹಳೆಯ ಟೊಯೋಟಾ, ಪಕ್ಕದಲ್ಲಿ ಹಳೆಯ ಮಿಯಾಟಾ. ಇವೆರಡರ ಒಟ್ಟು ಬೆಲೆ ಒಂದು ಹೊಸ ಐಷಾರಾಮಿ ಎಸ್‌ಯುವಿಗಿಂತ ಕಡಿಮೆ.

ಈ ವಾದವೆಲ್ಲ ಕರ್ನಾಟಕದ ಗಡಿಯೊಳಗೆ ಬಂದರೆ ನಿಲ್ಲುವುದಿಲ್ಲ, ಅದನ್ನು ಊರಿನ ಓದುಗರಿಗೆ ಸ್ಪಷ್ಟವಾಗಿ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಫೈಬರ್ ಮೈಯ, ರೆನೋ ಎಂಜಿನ್ನಿನ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರು ತಂದಿತ್ತು. ಆ ಪ್ರಯತ್ನ ಉಳಿಯಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಮಾಜ್ದಾ ಭಾರತದಲ್ಲಿ ಕಾರು ಮಾರುವುದಿಲ್ಲ. ಇರುವ ತೆರೆದ ಸ್ಪೋರ್ಟ್ಸ್ ಕಾರುಗಳು ಆಮದಿನವು, ಮುಕ್ಕಾಲು ಕೋಟಿಯಿಂದ ಮೇಲಿನವು. 20 ಲಕ್ಷ ಮೀರಿದ ಪೆಟ್ರೋಲು ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್. 90 ಲಕ್ಷದ ಕಾರಿಗೆ ತೆರಿಗೆಯೇ 16 ಲಕ್ಷ ದಾಟುತ್ತದೆ. 2025ರಲ್ಲಿ ಸುಮಾರು 75 ಲಕ್ಷಕ್ಕೆ ಬಂದ ಎಂಜಿ ಸೈಬರ್‌ಸ್ಟರ್ ವಿದ್ಯುತ್ ಕಾರು ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ; ಚೆಲುವಾದ ಕಾರು, ಆದರೆ ಪುಟ್ಟದೂ ಅಲ್ಲ, ಅಗ್ಗವೂ ಅಲ್ಲ. ಹಂಪುಗಳಿಗೆ ಹೊಟ್ಟೆ ತಾಗುವ ಎತ್ತರ, ಲಾರಿಯ ಹೊಗೆ, ಧೂಳು ಇವನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ವ್ಯವಹಾರ ಮುರಿದುಬೀಳುತ್ತದೆ. ಅಲ್ಲಿ ಗಾಳಿಗೆ ಮೈಯೊಡ್ಡುವ ಆಸೆಗೆ ಒಳ್ಳೆಯ ಹೆಲ್ಮೆಟ್ಟಿನ ಜೊತೆಗೊಂದು ಮೋಟಾರ್ ಸೈಕಲ್ಲೇ ಹಣಕ್ಕೆ ತಕ್ಕ ದಾರಿ.

ಅಮೆರಿಕ, ಇಂಗ್ಲೆಂಡುಗಳಲ್ಲಿದ್ದು ಮನಸ್ಸು ಮಾಡುತ್ತಿರುವವರು ಮೊದಲು ಒಂದು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ. ಸಂಜೆಯ ತಂಪಿನಲ್ಲಿ ಎಲ್ಲರಿಗೂ ಅದು ಇಷ್ಟವಾಗುತ್ತದೆ. ನೀವು ಜುಲೈ ಮಧ್ಯಾಹ್ನ ಹೊರಡಿ, ಹೆದ್ದಾರಿಯಲ್ಲಿ ಟ್ರಕ್ಕಿನ ಪಕ್ಕ ಒಂದು ಗಂಟೆ ಓಡಿಸಿ, ದಾರಿಯಲ್ಲಿ ವಾರದ ದಿನಸಿ ತನ್ನಿ. ಮನೆಗೆ ಬಂದಾಗ ಕುತ್ತಿಗೆ ಸುಟ್ಟಿದ್ದು, ಕಿವಿ ಗುಂಯ್ ಎನ್ನುತ್ತಿದ್ದು, ಆದರೂ ಕೀಲಿ ವಾಪಸು ಕೊಡಲು ಮನಸ್ಸು ಬಾರದಿದ್ದರೆ ಕೊಳ್ಳಿ: ಹಳೆಯದನ್ನು, ಬಟ್ಟೆಯ ಟಾಪಿನದನ್ನು, ಪೂರ್ತಿ ಹಣ ಕೊಟ್ಟು.